ಬಣ್ಣಕ್ಕಿಂತ ಮೊದಲಿನ ಕೆಲಸ

ಪ್ಲಾಸ್ಟಿಕ್ ರೋಬೋಟ್ ಕಿಟ್ ಒಂದನ್ನು ಜೋಡಿಸಿ ಬಣ್ಣ ಹಚ್ಚಿ ಮುಗಿಸಲು ನನಗೆ ಹದಿನೇಳು ದಿನ ಬೇಕಾಯಿತು. ಅದರಲ್ಲಿ ಬಣ್ಣದ ಬ್ರಷ್ ಹಿಡಿದದ್ದು ಮೂರೇ ದಿನ. ಉಳಿದ ಹದಿನಾಲ್ಕು ದಿನ ಏನು ಮಾಡಿದೆ ಅಂದರೆ ಬನಹಟ್ಟಿಯ ನೇಕಾರರ ಮನೆಯವರಿಗೆ ತಟ್ಟನೆ ಅರ್ಥವಾದೀತು. ಬೇರೆಯವರಿಗೆ ಸ್ವಲ್ಪ ವಿವರಿಸಬೇಕು.

ಕಿಟ್ ಜಪಾನಿನ ‘ಗುಂಡಮ್’. ಬೆಂಗಳೂರಿನಲ್ಲಿ ಕೆಲಸ ಮಾಡುವ ಅಣ್ಣ ದೀಪಾವಳಿಗೆ ಬಂದಾಗ ತಂದುಕೊಟ್ಟದ್ದು. ಈ ಹೆಸರಿನ ಕಾರ್ಟೂನ್ ಧಾರಾವಾಹಿ 1979ರಲ್ಲಿ ಜಪಾನಿನ ಟಿ.ವಿ.ಯಲ್ಲಿ ಶುರುವಾಗಿ, ನೋಡುವವರು ಸಾಲದೆ ಅವಧಿಗೆ ಮೊದಲೇ ನಿಂತಿತ್ತು. 1980ರ ಜುಲೈನಲ್ಲಿ ಬಂಡಾಯ್ ಕಂಪನಿ ಅದರ ರೋಬೋಟನ್ನು 300 ಯೆನ್ ಬೆಲೆಯ ಕಿಟ್ ಮಾಡಿ ಮಾರಿತು. ನಿಂತುಹೋದ ಧಾರಾವಾಹಿಗೆ ಜೀವ ಬಂದದ್ದರಲ್ಲಿ ಈ ಕಿಟ್‌ಗಳ ಪಾಲು ದೊಡ್ಡದು. ಕಥೆಯಲ್ಲಿ ರೋಬೋಟಿನ ಎತ್ತರ 18 ಮೀಟರ್. ನನ್ನ ಮೇಜಿನ ಮೇಲಿರುವುದು ಅದರ 144ನೇ ಒಂದು ಪಾಲು, ಹನ್ನೆರಡೂವರೆ ಸೆಂಟಿಮೀಟರ್.

ಆಗಿನ ಕಿಟ್‌ಗೆ ಬಣ್ಣ ಹಚ್ಚದಿದ್ದರೆ ನೋಡಲಾಗುತ್ತಿರಲಿಲ್ಲ. ಈಗ ಬಿಡಿಭಾಗಗಳೇ ಕೆಂಪು, ನೀಲಿ, ಹಳದಿಯಾಗಿ ಅಚ್ಚಾಗಿ ಬರುತ್ತವೆ, ಅಂಟೂ ಬೇಕಿಲ್ಲ. ಒಂದು ಮಧ್ಯಾಹ್ನದಲ್ಲಿ ಜೋಡಿಸಿ ಇಟ್ಟುಬಿಡಬಹುದು. ಹಾಗಾಗಿ ಈಗ ಬಣ್ಣ ಹಚ್ಚುವವರು ಯಾರೂ ಕೇಳದಿದ್ದರೂ, ಯಾರೂ ಅಂಕ ಕೊಡದಿದ್ದರೂ ಹಚ್ಚುವವರು. ನನಗೆ ಹಿಡಿಸಿದ್ದೇ ಇದು.

ಬಿಡಿಭಾಗವನ್ನು ಚೌಕಟ್ಟಿನಿಂದ ಒಂದೇ ಸಲಕ್ಕೆ ಕತ್ತರಿಸಬಾರದು. ಮೊದಲು ದೂರದಲ್ಲಿ, ಆಮೇಲೆ ಹತ್ತಿರದಲ್ಲಿ. ಉಳಿದ ಮೊಳೆಯಂಥ ಗುರುತನ್ನು 400ರ ಸ್ಯಾಂಡ್‌ಪೇಪರ್, ನಂತರ 600, ನಂತರ 1000 ಹೀಗೆ ಉಜ್ಜುತ್ತ ಹೋಗಬೇಕು. ನಡುವಿನದನ್ನು ಹಾರಿಸಿದರೆ ಗೀರು ಬಣ್ಣದ ಕೆಳಗಿನಿಂದ ಮತ್ತೆ ಎದ್ದು ಕಾಣುತ್ತದೆ. ಆಮೇಲೆ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಅಚ್ಚಿನ ಎಣ್ಣೆ, ಬೆರಳಿನ ಜಿಡ್ಡು ತೆಗೆಯಬೇಕು. ಒಣಗಿದ ಮೇಲೆ ಬೂದು ಪ್ರೈಮರ್. ಅದಿಲ್ಲದಿದ್ದರೆ ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಬಣ್ಣ ಪ್ಲಾಸ್ಟಿಕ್ ಮೇಲೆ ನಿಲ್ಲದೆ ಉಗುರಿಗೆ ಎದ್ದುಬರುತ್ತದೆ. ಬಣ್ಣವೂ ಅಷ್ಟೆ, ದಪ್ಪಗೆ ಒಂದು ಸಲಕ್ಕಿಂತ ನೀರಾಗಿ ಮೂರು ಸಲ. ಹೊಸದಾಗಿ ಶುರು ಮಾಡುವವರಿಗೆ ಇನ್ನೊಂದು ಮಾತು: ಗ್ಯಾರೇಜಿನ ಎನ್.ಸಿ. ಥಿನ್ನರ್ ಹತ್ತಿರ ತರಬೇಡಿ, ಪ್ಲಾಸ್ಟಿಕ್ಕೇ ಕರಗುತ್ತದೆ. ಸ್ಪ್ರೇ ಹೊಡೆಯುವುದಾದರೆ ಬಯಲಿನಲ್ಲಿ, ಮಾಸ್ಕ್ ಹಾಕಿಕೊಂಡು.

ನಮ್ಮೂರಿನ ಕಷ್ಟ ಬೇರೆ. ಮನೆಯಲ್ಲಿ ಎರಡು ಪವರ್‌ಲೂಮ್. ಅವು ಓಡುವಾಗ ಗಾಳಿಯ ತುಂಬ ಹತ್ತಿಯ ನಾರು. ಹಸಿ ಬಣ್ಣದ ಮೇಲೆ ಒಂದು ಎಳೆ ಕೂತರೆ ಮತ್ತೆ ಉಜ್ಜಬೇಕು. ಅದಕ್ಕೆ ಕರೆಂಟ್ ಹೋದಾಗಲೇ ನಾನು ಕೆಲಸಕ್ಕೆ ಕೂರುತ್ತಿದ್ದೆ. ಮಗ್ಗ ನಿಂತು ಅರ್ಧ ಗಂಟೆಗೆ ಧೂಳು ಇಳಿಯುತ್ತದೆ. ಅಪ್ಪನಿಗೆ ನಷ್ಟದ ಹೊತ್ತು, ನನಗೆ ಬಣ್ಣದ ಹೊತ್ತು. ಒಣಗುವವರೆಗೆ ಮೇಲೊಂದು ಮಿಠಾಯಿ ಡಬ್ಬಿ ಮುಚ್ಚಿಡುತ್ತಿದ್ದೆ.

‘ಇಷ್ಟ್ ಓದಿ ಗೊಂಬಿಗೆ ಬಣ್ಣಾ ಹಚ್ಕೋತ ಕುಂತೀಯೇನವಾ?’ ಎಂದು ಓಣಿಯ ಕಾಕಾ ಒಬ್ಬರು ಕೇಳಿದರು. ಬಿ.ಕಾಂ. ಮುಗಿದು ಎರಡು ವರ್ಷವಾಗಿ, ಪರೀಕ್ಷೆ ಬರೆಯುತ್ತಲೇ ಇರುವವಳಿಗೆ ಇಂಥ ಪ್ರಶ್ನೆ ಹೊಸದಲ್ಲ. ಆಯ್ಕೆ ಪಟ್ಟಿಯಲ್ಲಿ ಹೆಸರು ಬರುವವರೆಗೆ ನಾವು ಮಾಡುವುದೆಲ್ಲ ಊರಿನ ಲೆಕ್ಕದಲ್ಲಿ ಖಾಲಿ ಕೂತದ್ದೇ. ಕಾಕಾ ಕೆಟ್ಟವರಲ್ಲ. ಮೇಲೆ ಕಾಣುವುದನ್ನಷ್ಟೇ ಎಣಿಸುವ ರೂಢಿ ಅವರೊಬ್ಬರದೂ ಅಲ್ಲ.

ಕೊಪ್ಪಳದ ಕಿನ್ನಾಳದ ಗೊಂಬೆಗಳನ್ನು ನೋಡಿ. ಹಗುರ ಮರದ ತುಂಡುಗಳನ್ನು ಕೂಡಿಸಿ, ಹುಣಸೆ ಬೀಜದ ಅಂಟಿನಿಂದ ಮಾಡಿದ ಹಿಟ್ಟನ್ನು ಕೈಯಿಂದ ಮೆತ್ತಿ, ಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟ ಮೇಲೇ ಚಿತ್ರಗಾರರು ಬಣ್ಣ ಮುಟ್ಟುವುದು. ನನ್ನ ಬೂದು ಪ್ರೈಮರ್ ಮಾಡುವ ಕೆಲಸವನ್ನೇ ಆ ಲೇಪ ಮಾಡುತ್ತದೆ. ಕೊಳ್ಳುವವರು ಹೊಗಳುವುದು ಗೊಂಬೆಯ ಕೆಂಪು, ಹಸಿರನ್ನು.

ನಮ್ಮ ಸೀರೆಯ ಕಥೆಯೂ ಹೀಗೇ. ಮಗ್ಗ ಓಡುವ ಮೊದಲು ಬೀಮ್ ಸುತ್ತಬೇಕು, ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಎಳೆ ಎಳೆಯಾಗಿ ಕೆಚ್ಚಬೇಕು, ಲಾಳಿಗೆ ಕಂಡಿಕೆ ತುಂಬಬೇಕು. ನಮ್ಮ ಮಾತಿನಲ್ಲಿ ಅದು ಕಂಡಕಿ. ಅವ್ವ ಬೆಳಿಗ್ಗೆ ಅಡುಗೆ ಮುಗಿಸಿ ಕೂತರೆ ಸಂಜೆವರೆಗೆ ಅದೇ. ಮಾಲೀಕರು ಮಜೂರಿ ಲೆಕ್ಕ ಮಾಡುವುದು ನೇಯ್ದ ಸೀರೆಗೆ, ಅದು ಸೇರುವುದು ಅಪ್ಪನ ಹೆಸರಿಗೆ. ಕಂಡಕಿ ಸುತ್ತಿದ ಕೈಗೆ ಬೇರೆ ಲೆಕ್ಕವಿಲ್ಲ. ಮನೆಯ ಕೆಲಸದ ಜೊತೆಗೆ ಅದೂ ಒಂದು ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಕಂಡಕಿ ಇಲ್ಲದ ದಿನ ಕರೆಂಟ್ ಇದ್ದರೂ ಮಗ್ಗ ನಿಲ್ಲುತ್ತದೆ. ಅಂದಮೇಲೆ ಒಂದು ಸೀರೆಯ ಮಜೂರಿಯಲ್ಲಿ ಅದರ ಪಾಲು ಎಷ್ಟು ಎಂದು ಬೇರೆಯಾಗಿ ಬರೆದು ತೋರಿಸಲಿ. ಓದಿದ ಮಕ್ಕಳು ಮನೆಗೊಬ್ಬರಿದ್ದೇವೆ, ಆ ಲೆಕ್ಕ ಹಾಕುವುದು ನಮಗೇನು ಕಷ್ಟವಲ್ಲ. ನಮ್ಮ ಮನೆಯಲ್ಲಿ ಈಗ ದಿನಕ್ಕೆ ಎಷ್ಟು ಕಂಡಕಿ ಎಂದು ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದೇನೆ. ಅವ್ವನಿಗೆ ಮೊದಲು ನಗು ಬಂತು. ಈಗ ನಾನು ಮರೆತರೆ ಅವಳೇ ಹೇಳುತ್ತಾಳೆ.

ನಾವು ತುಂಬುವ ಅರ್ಜಿಗಳಲ್ಲಿ ಕೆಲವೊಮ್ಮೆ ‘ತಾಯಿಯ ಉದ್ಯೋಗ’ ಎಂಬ ಕಾಲಂ ಇರುತ್ತದೆ. ನಮ್ಮ ಓಣಿಯಲ್ಲಿ ಎಲ್ಲರೂ ‘ಗೃಹಿಣಿ’ ಎಂದು ಬರೆಯುತ್ತಾರೆ. ಕಳೆದ ವಾರ ತುಂಬಿದ ಆನ್‌ಲೈನ್ ಅರ್ಜಿಯಲ್ಲಿ ಆರಿಸಿಕೊಳ್ಳಲು ಹತ್ತು-ಹನ್ನೆರಡು ಉದ್ಯೋಗಗಳ ಪಟ್ಟಿ ಇತ್ತು. ಕಂಡಕಿ ಸುತ್ತುವುದು ಅದರಲ್ಲಿರಲಿಲ್ಲ. ‘ಇತರೆ’ ಒತ್ತಿ, ಪಕ್ಕದ ಖಾಲಿ ಜಾಗದಲ್ಲಿ ಬರೆದೆ.