ಹೊಳೆ ಪಕ್ಕದಲ್ಲಿ, ಕೊಡ ಬರಿದು

ಕೃಷ್ಣರಾಜನಗರದ ಮಗ್ಗುಲಲ್ಲಿ ಕಾವೇರಿ, ಹುಣಸೂರಿನಲ್ಲಿ ಲಕ್ಷ್ಮಣತೀರ್ಥ, ಹೆಗ್ಗಡದೇವನಕೋಟೆಯಲ್ಲಿ ಕಬಿನಿ. ಪಿರಿಯಾಪಟ್ಟಣದ ಗಡಿಗೂ ಕಾವೇರಿಯೇ. ಆದರೂ ಬೇಸಿಗೆ ಬಂತೆಂದರೆ ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕ ಕೊಡ ಹಿಡಿದು ಸರದಿಯಲ್ಲಿ ನಿಲ್ಲಬೇಕು; ಸಣ್ಣ ಹೋಟೆಲಿನವನು ಟ್ಯಾಂಕರಿನ ದಾರಿ ಕಾಯಬೇಕು. ಇದು ಹೊಳೆ ಇಲ್ಲದ್ದರಿಂದ ಬಂದ ಕಷ್ಟವಲ್ಲ.

ದೊಡ್ಡ ಹೊಳೆಯೇ ಇಲ್ಲದ ಸಿಂಗಪುರವನ್ನು ನೋಡೋಣ. ಆ ಪುಟ್ಟ ದ್ವೀಪನಗರದಲ್ಲಿ 1963-64ರಲ್ಲಿ ಮಳೆ ಕೈಕೊಟ್ಟು ತಿಂಗಳುಗಟ್ಟಲೆ ನೀರಿಗೆ ರೇಷನ್ ಬಂದಿತ್ತು. ನೆರೆಯ ಜೋಹೋರಿನಿಂದ ನೀರು ತರುವ 1962ರ ಒಪ್ಪಂದಕ್ಕೂ 2061ರ ಗಡುವಿದೆ. ನೆರೆಯವರನ್ನೇ ನಂಬಿ ಕೂರಲಾಗದೆಂದು ಅವರು ತಮ್ಮ ನೆಲದ ಮೂರರಲ್ಲಿ ಎರಡು ಪಾಲಿನ ಮೇಲೆ ಬಿದ್ದ ಮಳೆಯನ್ನು ಜಲಾಶಯಗಳಿಗೆ ತಿರುಗಿಸಿದರು. 2003ರಿಂದ ಬಳಸಿದ ನೀರನ್ನೇ ಶುದ್ಧಮಾಡಿ ಹೆಚ್ಚಾಗಿ ಕಾರ್ಖಾನೆಗಳಿಗೆ ಕೊಡುತ್ತಿದ್ದಾರೆ. ಮಳೆನೀರಿಗೊಂದು ದಾರಿ, ಕೊಳಕು ನೀರಿಗೊಂದು ದಾರಿ ಮಾಡಿದ್ದೇ ಇದರ ಗುಟ್ಟು.

ನಾವು ಮಾಡಿರುವುದೇನು? ಹುಣಸೂರಿನ ಚರಂಡಿಗಳು ವರ್ಷಾನುಗಟ್ಟಲೆ ಲಕ್ಷ್ಮಣತೀರ್ಥಕ್ಕೇ ಬಾಯಿ ತೆರೆದುಕೊಂಡು ಬಂದಿವೆ. ಆ ಹೊಳೆ ಕೃಷ್ಣರಾಜಸಾಗರ ಸೇರುತ್ತದೆ. ಅದರ ಕೆಳಗೆ, ಕಾವೇರಿಯ ಎರಡು ಕವಲುಗಳ ನಡುವೆ, ನಮ್ಮದೇ ದ್ವೀಪಪಟ್ಟಣವಾದ ಶ್ರೀರಂಗಪಟ್ಟಣವಿದೆ. ಹದಿನೇಳನೆಯ ಶತಮಾನದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದವರು ಬಂಗಾರದೊಡ್ಡಿ ನಾಲೆಯನ್ನು ನದಿಯ ಮೇಲೆ ದಾಟಿಸಿ ಆ ದ್ವೀಪಕ್ಕೆ ನೀರು ಕೊಟ್ಟರು. ಅವರು ನದಿಯ ಮೇಲೆ ನೀರು ಕಳುಹಿಸಿದರು. ನಾವು ನದಿಯೊಳಗೆ ಕೊಳಕು ಕಳುಹಿಸುತ್ತಿದ್ದೇವೆ.

2023-24ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವೇ ಸಾರಿತು. ಬರ ಎಲ್ಲರಿಗೂ ಒಂದೇ ಎನ್ನುವುದು ಸುಳ್ಳು. ಉಳ್ಳವನು ಕೊಳವೆಬಾವಿಯನ್ನು ಇನ್ನೂ ಆಳಕ್ಕೆ ಕೊರೆಸುತ್ತಾನೆ. ಇಲ್ಲದವನ ಕೇರಿಯ ಕೈಪಂಪು ಒಣಗುತ್ತದೆ.

ಸಿಂಗಪುರ 2017ರಲ್ಲಿ ನೀರಿನ ದರವನ್ನು ನೂರಕ್ಕೆ 30ರಷ್ಟು ಏರಿಸುವುದಾಗಿ ಸಾರಿತು. ನಮ್ಮವರು ಈ ಪಾಠವೊಂದನ್ನು ಮಾತ್ರ ಬೇಗ ಕಲಿತಾರು! ಬಡವನ ಕುಡಿಯುವ ನೀರಿನ ಮೇಲೆ ಹೊರೆ ಹಾಕುವುದನ್ನು ನಾವು ಒಪ್ಪುವುದಿಲ್ಲ. ಹೆಚ್ಚು ಬಳಸುವವರು ಹೆಚ್ಚು ಕೊಡಲಿ.

ನಮ್ಮ ಬೇಡಿಕೆ ಇಷ್ಟೆ. ಚರಂಡಿಯ ನೀರು ಶುದ್ಧವಾಗದೆ ಹೊಳೆ ಮುಟ್ಟಬಾರದು. ಸೋರುವ ಕೊಳವೆಗಳ ದುರಸ್ತಿಯೂ ಕೆರೆಗಳ ಹೂಳೆತ್ತುವ ಕೆಲಸವೂ ಮಳೆಗೆ ಮುಂಚೆ ಮುಗಿಯಬೇಕು. ನೀರು ಬಿಡುವ ವೇಳೆ ಕಾರ್ಮಿಕರ ಪಾಳಿಗೆ ಹೊಂದಬೇಕು. ಆ ವೇಳಾಪಟ್ಟಿಯೂ ಖರ್ಚಿನ ಲೆಕ್ಕವೂ ವಾರ್ಡುವಾರ್ಡಿನಲ್ಲಿ ಬರೆದು ಅಂಟಿಸಬೇಕು.

ನಮ್ಮ ತಪ್ಪೂ ಇದೆ. ಅಂಗಡಿಯ ಕಸ ಮೋರಿಗೆ ತಳ್ಳುವ ಕೈ ನಮ್ಮದೇ. ಆ ಕೈಯನ್ನು ತಡೆದು, ಬೀದಿಬೀದಿಯಲ್ಲಿ ಸಭೆ ಸೇರಿ, ನಗರಸಭೆ ಪುರಸಭೆಗಳ ಬಾಗಿಲಿಗೆ ಒಟ್ಟಾಗಿ ಹೋಗೋಣ. ಒಬ್ಬೊಬ್ಬರಾಗಿ ಹೋದವರಿಗೆ ಸಿಕ್ಕುವುದು ಒಂದು ಕೊಡ. ಒಟ್ಟಾಗಿ ಹೋದರೆ ಹೊಳೆಯೇ ನಮ್ಮದು.