ತಟ್ಟೆ ಎತ್ತುವವರ ಪಾಲು

ಕಳೆದ ಮಳೆಗಾಲದ ಒಂದು ಶನಿವಾರ ಶಿವಮೊಗ್ಗದಲ್ಲಿ ಸಭೆಯೊಂದನ್ನು ಮುಗಿಸಿಕೊಂಡು ನಮ್ಮ ಧರ್ಮಕೇಂದ್ರದ ಒಂದು ಕುಟುಂಬದೊಡನೆ ಆನಂದಪುರಕ್ಕೆ ಹಿಂದಿರುಗುತ್ತಿದ್ದೆ. ಜೋಗಕ್ಕೆ ಹೊರಟ ಪ್ರವಾಸಿಗರ ವಾಹನಗಳಿಂದ ಹೆದ್ದಾರಿ ತುಂಬಿತ್ತು. ದಾರಿಯಲ್ಲಿ ಒಂದು ಸೆಲ್ಫ್ ಸರ್ವಿಸ್ ಹೋಟೆಲಿನಲ್ಲಿ ಇಡ್ಲಿ, ವಡೆ, ಕಾಫಿ ಆಯಿತು. ಏಳುವಾಗ ನಾನು 20 ರೂಪಾಯಿಯ ನೋಟೊಂದನ್ನು ಮೇಜಿನ ಮೇಲೆ, ಒದ್ದೆಯಾಗದ ಜಾಗ ನೋಡಿ, ಇಟ್ಟು ಬಂದೆ. ನಾವು ವಾಹನ ಹತ್ತುವಷ್ಟರಲ್ಲಿ ಮೇಜು ಒರೆಸುತ್ತಿದ್ದ ಹೆಂಗಸು ಮಳೆಯಲ್ಲಿಯೇ ಓಡಿಬಂದರು. ದುಡ್ಡು ಮರೆತು ಬಂದಿದ್ದೀರಿ ಎಂದು ನೋಟನ್ನು ಚಾಚಿದರು. ಅದು ನಿಮಗೆಂದೇ ಇಟ್ಟದ್ದಮ್ಮ ಎಂದೆ. ಅವರು ಕೂಡಲೇ ನಂಬಲಿಲ್ಲ. ಗಲ್ಲಾದ ಕಡೆಗೆ ಒಮ್ಮೆ ತಿರುಗಿ ನೋಡಿ, ಆಮೇಲೆ ನೋಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ವಾಹನ ಹೊರಟ ಮೇಲೆ ಆ ಕುಟುಂಬದ ಯಜಮಾನರು, ದಾನಧರ್ಮದಲ್ಲಿ ಎಂದೂ ಹಿಂದೆ ಬೀಳದವರು, ನಗುತ್ತಲೇ ಆಕ್ಷೇಪಿಸಿದರು: "ಫಾದರ್, ಇದು ಸೆಲ್ಫ್ ಸರ್ವಿಸ್. ಚೀಟಿ ತಂದದ್ದು ನಾವು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತದ್ದು ನಾವು, ನೀರು ತುಂಬಿಕೊಂಡದ್ದೂ ನಾವೇ. ಯಾರೂ ಬಡಿಸದ ಮೇಲೆ ಟಿಪ್ಸ್ ಕೊಡುವುದು ಯಾರಿಗೆ? ನಮಗೆ ನಾವೇ ಕೊಟ್ಟುಕೊಳ್ಳಬೇಕಷ್ಟೆ." ತರ್ಕ ಚೆನ್ನಾಗಿದೆ. ಗುರುಮಠದಲ್ಲಿ ನಮಗೆ ತರ್ಕಶಾಸ್ತ್ರ ಕಲಿಸಿದವರು ಕೇಳಿದ್ದರೂ ತಲೆದೂಗುತ್ತಿದ್ದರೇನೋ. ಆದರೆ ತರ್ಕ ಸರಿಯಿದ್ದು ಆಧಾರವಾಕ್ಯ ತಪ್ಪಿದ್ದರೆ ತೀರ್ಮಾನ ದಾರಿ ತಪ್ಪುತ್ತದೆ. ಇಲ್ಲಿ ತಪ್ಪಿರುವುದು 'ಯಾರೂ ಸೇವೆ ಮಾಡಲಿಲ್ಲ' ಎಂಬ ಮಾತು.

ನಮ್ಮ ಬಾಲ್ಯದ ಹೋಟೆಲುಗಳನ್ನು ನೆನೆಯಿರಿ. ಮಾಣಿ ಬಂದು ಇರುವ ತಿಂಡಿಗಳ ಪಟ್ಟಿಯನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ. ಬಿಲ್ಲು ಸೋಂಪಿನ ತಟ್ಟೆಯಲ್ಲಿ ಬರುತ್ತಿತ್ತು. ಚಿಲ್ಲರೆಯೂ ಅದೇ ತಟ್ಟೆಯಲ್ಲಿ ಮರಳುತ್ತಿತ್ತು. ಅದರಲ್ಲಿ ಒಂದೆರಡು ನಾಣ್ಯ ಅಲ್ಲಿಯೇ ಉಳಿಯುತ್ತಿದ್ದವು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿಯ ಮೂಲಕ ನಿಂತು ತಿನ್ನುವ ಪದ್ಧತಿಗೆ ನಾಂದಿ ಹಾಡಿದರು. ಅಲ್ಲಿಂದ 'ದರ್ಶಿನಿ' ಎಂಬ ಹೆಸರು ಊರೂರಿಗೆ ಹಬ್ಬಿತು. ಅಗ್ಗದ ದರ, ಕಣ್ಣೆದುರೇ ಬೇಯುವ ಶುಚಿಯಾದ ತಿಂಡಿ, ಕಾಯುವ ಕೆಲಸವಿಲ್ಲ. ಬಡವನೂ ಬ್ಯಾಂಕಿನ ಅಧಿಕಾರಿಯೂ ಒಂದೇ ಕಲ್ಲಿನ ಮೇಜಿಗೆ ಮೊಣಕೈ ಊರಿ ಕಾಫಿ ಹೀರುವುದನ್ನು ನಾನು ಸಣ್ಣ ಸಾಮಾಜಿಕ ಸಾಧನೆ ಎಂದೇ ತಿಳಿಯುತ್ತೇನೆ. ಆ ಅಗ್ಗದ ದರಕ್ಕೆ ಒಂದು ಕಾರಣ ಬಡಿಸುವ ಮಾಣಿ ಇಲ್ಲದಿರುವುದು. ಮಾಣಿ ಹೋದ ಮೇಲೆ ಭಕ್ಷೀಸೂ ಹೋಯಿತು. ಇಷ್ಟರ ಮಟ್ಟಿಗೆ ನಮ್ಮ ಯಜಮಾನರ ಮಾತು ನ್ಯಾಯವೇ.

ಆದರೆ ತಿಂಡಿ ತರುವುದು ಸೇವೆಯ ಅರ್ಧಭಾಗ ಮಾತ್ರ. ಉಳಿದರ್ಧವನ್ನು, ಎಂದರೆ ಎಂಜಲನ್ನು ಎತ್ತುವುದನ್ನು, ನಾವು 'ಸೆಲ್ಫ್' ಮಾಡುವುದಿಲ್ಲ. ಚೆಲ್ಲಿದ ಸಾಂಬಾರು, ಲೋಟದೊಳಗೆ ತುರುಕಿದ ಕಾಗದ, ಮಗು ನೆಲಕ್ಕೆ ಉದುರಿಸಿದ ಚಿತ್ರಾನ್ನ, ಕೈತೊಳೆಯುವ ತೊಟ್ಟಿಯಲ್ಲಿ ಕಟ್ಟಿಕೊಂಡ ಕರಿಬೇವು ಇವೆಲ್ಲ ಯಾರದೋ ಕೈಗೆ ಹೋಗುತ್ತವೆ. ಬಡಿಸುವವನಿಗೆ ಮುಖವಿತ್ತು, ಗಿರಾಕಿಯೊಡನೆ ನಾಲ್ಕು ಮಾತಿತ್ತು. ಒರೆಸುವವಳಿಗೆ ಅದೂ ಇಲ್ಲ. ನಾವು ಎದ್ದು ಹೋದ ಮೇಲೆ ಬರುವುದೇ ಆಕೆಯ ಕೆಲಸ. ಹೀಗೆ, ಹಿತವಾದ ಅರ್ಧಕ್ಕೆ ಭಕ್ಷೀಸು ಕೊಡುತ್ತಿದ್ದ ನಾವು ಅಹಿತವಾದ ಅರ್ಧಕ್ಕೆ ಏನೂ ಕೊಡದವರಾದೆವು. (ಫಲಕಗಳಲ್ಲಿ ಇದನ್ನು 'ಸ್ವಯಂಸೇವೆ' ಎಂದು ಬರೆದದ್ದನ್ನು ಕಂಡಾಗ ನನಗೆ ನಗು ಬರುತ್ತದೆ. ಚರ್ಚಿನ ಹಬ್ಬದಲ್ಲಿ ಸ್ವಯಂಸೇವಕ ಎಂದರೆ ಇತರರಿಗಾಗಿ ದುಡಿಯುವವನು. ಹೋಟೆಲಿನಲ್ಲಿ ತನ್ನ ತಟ್ಟೆ ತಾನು ತುಂಬಿಕೊಳ್ಳುವವನು!)

ಇದಕ್ಕೆ ಇನ್ನೊಂದು ಸೇರಿಕೊಂಡಿದೆ. ಈಗ ಚಿಕ್ಕ ಹೋಟೆಲಿನ ಗಲ್ಲಾದ ಮೇಲೂ ಚೌಕುಳಿ ಚಿತ್ರವೊಂದಿದೆ. ಮೊಬೈಲ್ ತೋರಿಸಿದರೆ ಪೈಸೆ ಹೆಚ್ಚುಕಡಿಮೆ ಇಲ್ಲದೆ ಹಣ ಮಾಲೀಕರ ಖಾತೆಗೆ ಸಂದಾಯವಾಗುತ್ತದೆ. ಹಿಂದೆ ಉಳಿಯುತ್ತಿದ್ದ ನಾಣ್ಯಕ್ಕೆ ನಮ್ಮ ಔದಾರ್ಯಕ್ಕಿಂತ ಚಿಲ್ಲರೆಯ ಭಾರವೇ ಕಾರಣವಾಗಿತ್ತೆಂದು ಒಪ್ಪಿಕೊಳ್ಳೋಣ. ಈಗ ಉಳಿಯುವುದಕ್ಕೆ ಚಿಲ್ಲರೆಯೇ ಇಲ್ಲ. ಕೊಡಬೇಕಾದರೆ ಮನೆಯಿಂದ ಹೊರಡುವಾಗಲೇ ಜೇಬಿನಲ್ಲಿ ಎರಡು ನೋಟು ಇಟ್ಟುಕೊಳ್ಳಬೇಕು.

ಹಾಗಾದರೆ ಕೊಡಲೇಬೇಕೆ? ಕಾನೂನಿನ ಉತ್ತರ ಸ್ಪಷ್ಟವಾಗಿದೆ. ಬಿಲ್ಲಿನಲ್ಲಿ ಸೇವಾಶುಲ್ಕವನ್ನು ತಾವಾಗಿಯೇ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೋಟೆಲುಗಳಿಗೆ ಮಾರ್ಗಸೂಚಿ ನೀಡಿತು; 2025ರ ಮಾರ್ಚ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೊಡುವುದು ಗಿರಾಕಿಯ ಇಷ್ಟ. ಆದರೆ ಕಾನೂನು ಕೈಬಿಟ್ಟ ಕೂಡಲೇ ಋಣವೂ ಹರಿಯಿತೆಂದು ತಿಳಿಯಬಾರದು. ಸಂತ ತೋಮಾಸ್ ಅಕ್ವಿನಾಸರು ಕೃತಜ್ಞತೆಯನ್ನು ವಿವೇಚಿಸುವಾಗ ಎರಡು ಬಗೆಯ ಋಣಗಳನ್ನು ಬೇರ್ಪಡಿಸುತ್ತಾರೆ: ಕಾನೂನು ವಸೂಲು ಮಾಡಬಹುದಾದದ್ದು ಒಂದು, ಸಜ್ಜನಿಕೆಯೊಂದೇ ತೀರಿಸಬಲ್ಲದ್ದು ಇನ್ನೊಂದು. ಮೇಜು ಒರೆಸಿದವರಿಗೆ ನಾವು ಸಲ್ಲಿಸಬೇಕಾದದ್ದು ಈ ಎರಡನೆಯದು. ಅದು ಭಿಕ್ಷೆಯೂ ಅಲ್ಲ, ಬಾಕಿಯೂ ಅಲ್ಲ.

ಇಲ್ಲಿ ನಮ್ಮ ಯುವಕರು ಒಂದು ಆಕ್ಷೇಪ ತರುತ್ತಾರೆ. ಅದು ಯಜಮಾನರದ್ದಕ್ಕಿಂತ ಗಟ್ಟಿಯಾದದ್ದು. ಟಿಪ್ಸ್ ಕೊಡುತ್ತಾ ಹೋದರೆ ಮಾಲೀಕ ಕೂಲಿ ಏರಿಸುವ ಹೊಣೆಯಿಂದ ಪಾರಾಗುವುದಿಲ್ಲವೇ? ಪಾರಾಗುತ್ತಾನೆ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ, ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕ ತನ್ನ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ತಾಸಿಗೆ 2.13 ಡಾಲರ್ ಮಾತ್ರ; 1991ರಿಂದ ಅದು ಕದಲಿಲ್ಲ. ಸಾಮಾನ್ಯ ಕನಿಷ್ಠ ಕೂಲಿಯಾದ 7.25 ಡಾಲರಿಗೆ ಉಳಿದದ್ದನ್ನು ಗಿರಾಕಿಯ ಟಿಪ್ಸ್ ತುಂಬಬೇಕು, ಅದು ಸಾಲದಿದ್ದರೆ ಮಾತ್ರ ಮಾಲೀಕ. ಕೆಲವು ರಾಜ್ಯಗಳು ಹೆಚ್ಚು ಕೊಡಿಸುತ್ತವೆ, ನಿಜ. ಅಲ್ಲಿ ಈಗ ಕೌಂಟರಿನಿಂದ ನಾವೇ ಕಾಫಿ ಎತ್ತಿಕೊಳ್ಳುವ ಅಂಗಡಿಗಳಲ್ಲೂ ಪರದೆಯನ್ನು ನಮ್ಮತ್ತ ತಿರುಗಿಸಿ ಶೇಕಡಾ ಎಷ್ಟು ಟಿಪ್ಸ್ ಎಂದು ಕೇಳುತ್ತಾರಂತೆ. ರಜೆಗೆ ಬಂದ ನಮ್ಮವರೊಬ್ಬರು, ಆ ಪರದೆಯ ಮುಂದೆ ನಿಲ್ಲುವುದು ಪಾಪನಿವೇದನೆಗಿಂತ ಕಷ್ಟವೆಂದರು.

ಆದ್ದರಿಂದ ಭಕ್ಷೀಸು ಕೂಲಿಯ ಜಾಗದಲ್ಲಿ ಕೂರಕೂಡದು. ಈ ಮಾತನ್ನು ಕಲಿಯಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. 1951ರಲ್ಲಿ ನಮ್ಮದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾವುದಕ್ಕೆ? ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರಕ್ಕೆ. ಗಣಪತಿಯಪ್ಪನವರ ಮುಂದಾಳುತನದಲ್ಲಿ ಅವರು ಒಡೆಯರ ಬಳಿ ಹಬ್ಬದ ಇನಾಮು ಹೆಚ್ಚಿಸಿರೆಂದು ಬೇಡಲಿಲ್ಲ. ಅಳತೆ ಸರಿಯಾಗಲಿ ಎಂದರು. ಲೋಹಿಯಾ ಅವರು ಇಲ್ಲಿಗೆ ಬಂದು ಬಂಧನಕ್ಕೊಳಗಾದದ್ದೂ ಆ ಅಳತೆಗಾಗಿಯೇ. ಇನಾಮು ಕೊಡುವವನ ಮನಸ್ಸಿಗೆ ಬಿಟ್ಟದ್ದು, ಅಳತೆ ಹಾಗಲ್ಲ. ಅದಕ್ಕೂ 60 ವರ್ಷ ಮೊದಲು, 1891ರಲ್ಲಿ, ಹದಿಮೂರನೆಯ ಲಿಯೋ ಜಗದ್ಗುರುಗಳು ತಮ್ಮ ವಿಶ್ವಪರಿಪತ್ರದಲ್ಲಿ ಹೇಳಿದ್ದೂ ಇದನ್ನೇ: ದುಡಿಯುವವನ ಬದುಕಿಗೆ ಸಾಲುವಷ್ಟು ಕೂಲಿ ನ್ಯಾಯದ ವಿಷಯ, ಒಪ್ಪಂದ ಮಾಡಿಕೊಂಡಿದ್ದಾನೆ ಎಂಬ ನೆಪದಿಂದ ಅದನ್ನು ಕಡಿಮೆ ಮಾಡಲಾಗದು.

ಆದರೆ ಯುವಕರ ತರ್ಕದಲ್ಲಿ ಒಂದು ಸುಲಭದ ಬಾಗಿಲಿದೆ. ನಾನೂ ಅನೇಕ ಸಲ ಆ ಬಾಗಿಲಿನಿಂದ ಜಾರಿಕೊಂಡಿದ್ದೇನೆ. ಕೂಲಿ ಏರಬೇಕು ಎಂದು ವಾದಿಸಿ ನೋಟನ್ನು ಜೇಬಿನಲ್ಲಿಯೇ ಇಟ್ಟುಕೊಂಡರೆ ಒರೆಸುವವಳಿಗೆ ಕೂಲಿಯೂ ಏರಲಿಲ್ಲ, ನೋಟೂ ಸಿಗಲಿಲ್ಲ. ಎರಡನ್ನೂ ಮಾಡಬಹುದಲ್ಲ. ಪರಿಚಯದ ಮಾಲೀಕರಲ್ಲಿ, ನಮ್ಮ ಸಭೆಯವರೂ ಹೋಟೆಲು ನಡೆಸುತ್ತಾರೆ, ಕೂಲಿಯ ಮಾತೆತ್ತಲು ನಾವು ಯಾಕೆ ಸಂಕೋಚಪಡಬೇಕು?

ಎಷ್ಟು, ಹೇಗೆ ಎಂದು ಕೇಳುವವರಿಗೆ ನನ್ನ ಅಭ್ಯಾಸ ಹೇಳುತ್ತೇನೆ. ಮೊದಲು ನನ್ನ ತಟ್ಟೆಯನ್ನು ನಾನೇ ತೊಟ್ಟಿಗೆ ಹಾಕುತ್ತೇನೆ. ಹಣ ಕೊಟ್ಟೆನೆಂದು ಎಂಜಲು ಹರಡುವ ಹಕ್ಕು ಬರುವುದಿಲ್ಲ. ಒಬ್ಬನೇ ಕಾಫಿ ಕುಡಿದು ಹೊರಟರೆ ಏನೂ ಕೊಡದಿರುವುದೂ ಉಂಟು. ಮನೆಮಂದಿಯೆಲ್ಲ ಕೂತು ಮೇಜನ್ನು ರಣರಂಗ ಮಾಡಿದ್ದರೆ 20 ರೂಪಾಯಿ ಹೆಚ್ಚೇನಲ್ಲ. ಗಲ್ಲಾದ ಪಕ್ಕದ ಡಬ್ಬಿಯ ಹಣ ಯಾರಿಗೆ ಹಂಚಿಕೆಯಾಗುತ್ತದೆಂದು ಕೇಳಿ ತಿಳಿದು ಹಾಕಿರಿ. ಪಾತ್ರೆ ತೊಳೆಯುವವರಿಗೂ ಪಾಲಿದ್ದರೆ ಅದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಇಲ್ಲದಿದ್ದರೆ ಕೈಗೆ ಕೊಡಿ. ನಾನು ಮಾಡಿದಂತೆ ಮೇಜಿನ ಮೇಲಿಟ್ಟು ನಡೆದುಬಿಡುವುದು ಸರಿಯಲ್ಲವೆಂದು ಆ ಮಳೆಯಲ್ಲಿ ತಿಳಿಯಿತು. ಮುಖ ನೋಡಿ ಕೊಟ್ಟಿದ್ದರೆ ಆಕೆ ನೆನೆಯಬೇಕಾಗಿರಲಿಲ್ಲ. ಕಳವಿನ ಅನುಮಾನಕ್ಕೆ ಹೆದರಿ ಗಲ್ಲಾದ ಕಡೆ ನೋಡಬೇಕಾಗಿಯೂ ಇರಲಿಲ್ಲ.

ಇಷ್ಟು ಬರೆದ ಮೇಲೆ ನಮ್ಮ ಅಂಗಳದ ಮಾತನ್ನು ಮುಚ್ಚಿಡುವುದು ಪ್ರಾಮಾಣಿಕವಲ್ಲ. ಹಿಂದಿನ ಹಬ್ಬದ ಊಟವೂ ಬಫೆಯೇ ಆಗಿತ್ತು. ಧ್ವನಿವರ್ಧಕದಲ್ಲಿ ನಾನು ಅಕ್ಕಿ ಕೊಟ್ಟವರಿಗೆ, ಶಾಮಿಯಾನದವರಿಗೆ, ಬ್ಯಾಂಡಿನವರಿಗೆ ಹೆಸರು ಹಿಡಿದು ವಂದನೆ ಹೇಳಿದೆ. ಸಭಾಭವನದ ಹಿಂದೆ ಸಂಜೆಯವರೆಗೆ ಪಾತ್ರೆ ತಿಕ್ಕಿದ ನಾಲ್ವರು ಹೆಂಗಸರನ್ನು ಹೇಳಲಿಲ್ಲ. ಅಡುಗೆ ಗುತ್ತಿಗೆದಾರರು ಅವರಿಗೆ ದಿನಕ್ಕೆ ಏನು ಕೊಟ್ಟರೆಂದು ಇಂದಿಗೂ ನನಗೆ ಗೊತ್ತಿಲ್ಲ, ಏಕೆಂದರೆ ನಾನು ಕೇಳಲಿಲ್ಲ. ಈ ಬಾರಿಯ ಹಬ್ಬದ ಲೆಕ್ಕಪತ್ರ ತಯಾರಾಗುತ್ತಿದೆ. ಗುತ್ತಿಗೆಯ ಮಾತುಕತೆಗೆ ಮುಂದಿನ ಭಾನುವಾರ ಬಲಿಪೂಜೆಯ ನಂತರ ಸಮಿತಿ ಸೇರಲಿದೆ. ತೊಳೆಯುವವರ ಕೂಲಿ ಎಷ್ಟೆಂದು ಅಲ್ಲಿ ಮೊದಲು ಕೇಳುವವನು ನಾನೇ.