ಕೈಗಾದ ತಪಾಸಣೆಯಲ್ಲಿ ರಾಜ್ಯದ ಪಾಲು

ವಿಜ್ಞಾನವು ಮಾನವನಿಗೆ ಇತ್ತ ಶಕ್ತಿಗಳಲ್ಲಿ ಅಣುಶಕ್ತಿಯು ಅತಿ ಪ್ರಬಲವಾದುದೆಂಬುದನ್ನು ನಾವೆಲ್ಲರೂ ಬಲ್ಲೆವು. ಅದು ವರವೋ ಶಾಪವೋ ಎಂಬ ವಿಷಯವಾಗಿ ಚರ್ಚಾಸ್ಪರ್ಧೆಗಳು ನಡೆಯುತ್ತಲೇ ಇರುತ್ತವೆ. ಎರಡೂ ಪಕ್ಷಗಳಿಗೆ ಚಪ್ಪಾಳೆಗಳೂ ಬೀಳುತ್ತವೆ. ಆ ಹಳೆಯ ವಾದವನ್ನು ಮತ್ತೆ ಹೂಡುವುದು ನನ್ನ ಉದ್ದೇಶವಲ್ಲ. ನನ್ನ ಪ್ರಶ್ನೆ ಚಿಕ್ಕದು: ನಮ್ಮ ನೆರೆಯ ಅಣುವಿದ್ಯುತ್ ಕೇಂದ್ರವನ್ನು ತಪಾಸಣೆ ಮಾಡುವವರು ಯಾರು? ಆ ತಪಾಸಣೆ ನೆಟ್ಟಗೆ ನಡೆದಿದೆಯೋ ಇಲ್ಲವೋ ಎಂದು ನೋಡುವ ಅಧಿಕಾರ ನಮ್ಮ ರಾಜ್ಯಕ್ಕೆ ಇರಬೇಕೋ ಬೇಡವೋ?

‘ನೆರೆಯ’ ಎಂದುದಕ್ಕೆ ಕೆಲವರು ನಕ್ಕಾರು. ಕೈಗಾ ಇರುವುದು ಕಾರವಾರ ತಾಲೂಕಿನಲ್ಲಿ, ಕಾಳೀ ನದಿಯ ಕದ್ರಾ ಜಲಾಶಯದ ಅಂಚಿನಲ್ಲಿ. ಆದರೆ ಕಲಘಟಗಿಯಿಂದ ಯಲ್ಲಾಪುರದ ಕಡೆಯ ಕಾಡಿನ ಮೇಲೆ ಹಕ್ಕಿ ಹಾರಿದಂತೆ ಅಳೆದರೆ ಅದು ಸುಮಾರು 70 ಕಿಲೋಮೀಟರಿನ ದೂರ. ಗಾಳಿ ಮಳೆಗಳಿಗೆ ಜಿಲ್ಲೆಯ ಗಡಿಕಲ್ಲು ಕಾಣಿಸುವುದಿಲ್ಲ.

ಮೊದಲು ಕೈಗಾಕ್ಕೆ ಸಲ್ಲತಕ್ಕ ಗೌರವವನ್ನು ಸಲ್ಲಿಸೋಣ. ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಅಲ್ಲಿವೆ. ಮೊದಲಿನ ಎರಡು 2000ನೆಯ ಇಸವಿಯಲ್ಲಿಯೂ ನಾಲ್ಕನೆಯದು 2011ರಲ್ಲಿಯೂ ವಾಣಿಜ್ಯೋತ್ಪಾದನೆ ಆರಂಭಿಸಿದವು. ಒಂದನೆಯ ಘಟಕವು 2018ರ ಡಿಸೆಂಬರ್ 31ರಂದು ನಿಲ್ಲುವ ಮೊದಲು 962 ದಿನ ಎಡೆಬಿಡದೆ ನಡೆದು, ಆಗಿನ ಮಟ್ಟಿಗೆ ಜಗತ್ತಿನ ದಾಖಲೆಯನ್ನೇ ಮಾಡಿತು. ಅಲ್ಲಿಯ ಎಂಜಿನಿಯರರ ಜಾಣ್ಮೆಯ ಬಗ್ಗೆ ನನಗೆ ಎಳ್ಳಷ್ಟೂ ಸಂದೇಹವಿಲ್ಲ.

ಆದರೆ ಜಾಣರೂ ತಪ್ಪುತ್ತಾರೆ. 1994ರ ಮೇ 13ರಂದು, ಕಟ್ಟಡದ ಕೆಲಸ ನಡೆದಿದ್ದಾಗಲೇ, ಒಂದನೆಯ ಘಟಕದ ಒಳಗುಮ್ಮಟದ ಸುಮಾರು 130 ಟನ್ನು ಕಾಂಕ್ರೀಟು ಪದರು ಬಿಟ್ಟು ಕೆಳಕ್ಕೆ ಬಿತ್ತು. ಆಗಿನ್ನೂ ಇಂಧನ ತುಂಬಿರಲಿಲ್ಲವೆಂಬುದು ನಮ್ಮ ಪುಣ್ಯ. ಕಾರಣವನ್ನು ವಿಚಾರಿಸಿ, ವಿನ್ಯಾಸವನ್ನು ತಿದ್ದಿ ಗುಮ್ಮಟವನ್ನು ಮತ್ತೆ ಕಟ್ಟಬೇಕಾಯಿತು. 2009ರ ನವೆಂಬರಿನಲ್ಲಿ ಕೇಂದ್ರದೊಳಗಿನ ಕುಡಿಯುವ ನೀರಿನ ಯಂತ್ರದಲ್ಲಿ ಟ್ರಿಟಿಯಮ್ ಸೇರಿದ್ದು ಕೆಲಸಗಾರರ ಮೂತ್ರಪರೀಕ್ಷೆಯಿಂದ ತಿಳಿದುಬಂತು. ಐವತ್ತರಷ್ಟು ಜನರ ಮೈಗೆ ಅದು ಸೇರಿತ್ತು. ಒಳಗಿನವರೇ ಯಾರೋ ಬೇಕೆಂದು ಭಾರಜಲವನ್ನು ಬೆರೆಸಿರಬೇಕೆಂದು ಅಧಿಕಾರಿಗಳು ಹೇಳಿದರು. ಹೊರಗಿನ ಜನಕ್ಕೆ ಸುದ್ದಿ ಮುಟ್ಟಿದ್ದು ಕೆಲವು ದಿನಗಳ ತರುವಾಯ, ಪತ್ರಿಕೆಗಳ ಮೂಲಕ.

ಇನ್ನು ತಪಾಸಣೆಯ ಮಾತು. ಅಣುಶಕ್ತಿ ನಿಯಂತ್ರಣ ಮಂಡಲಿಯು 1983ರಲ್ಲಿ ಸ್ಥಾಪಿತವಾಯಿತು. ಅದು ಉತ್ತರ ಹೇಳಬೇಕಾದದ್ದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಕೈಗಾವನ್ನು ನಡೆಸುವ ನಿಗಮವೂ ಅದೇ ಇಲಾಖೆಯದು. ಸಂತೆಯಲ್ಲಿ ಮಾಲು ಮಾರುವವನೂ ತಕ್ಕಡಿ ಹಿಡಿದವನೂ ಒಂದೇ ಮನೆಯವರಾದರೆ, ತೂಕ ಸರಿಯಿದ್ದರೂ ಕೊಳ್ಳುವವನಿಗೆ ಸಮಾಧಾನವಾದೀತೇ? 1993ರಿಂದ 1996ರ ವರೆಗೆ ಮಂಡಲಿಯ ಅಧ್ಯಕ್ಷರಾಗಿದ್ದ ಡಾ. ಎ. ಗೋಪಾಲಕೃಷ್ಣನ್ ಅವರೇ ಮಂಡಲಿಗೆ ನಿಜವಾದ ಸ್ವಾತಂತ್ರ್ಯವಿಲ್ಲವೆಂದು ಆಮೇಲೆ ಬಹಿರಂಗವಾಗಿ ಹೇಳುತ್ತ ಬಂದರು. 2012ರಲ್ಲಿ ಮಹಾಲೇಖಪಾಲರ ವರದಿಯೂ ಅದನ್ನೇ ಎತ್ತಿ ಆಡಿತು. ದೇಶದ ವೈದ್ಯಕೀಯ ಕ್ಷ-ಕಿರಣ ಕೇಂದ್ರಗಳಲ್ಲಿ ನೂರಕ್ಕೆ 91ರಷ್ಟು ಮಂಡಲಿಯ ನೋಂದಣಿಯಿಲ್ಲದೆಯೇ ನಡೆದಿದ್ದವೆಂದು ಅದೇ ವರದಿ ತೋರಿಸಿಕೊಟ್ಟಿತು. ಅವುಗಳ ಮೇಲೆ ಕಣ್ಣಿಡಲು ರಾಜ್ಯಗಳಲ್ಲಿ ವಿಕಿರಣ ಸುರಕ್ಷಾ ನಿರ್ದೇಶನಾಲಯಗಳು ಆಗಬೇಕಿತ್ತು; ಆ ಹೊತ್ತಿಗೆ ಕೇರಳ, ಮಿಜೋರಾಮಿನಂಥ ಬೆರಳೆಣಿಕೆಯ ರಾಜ್ಯಗಳು ಮಾತ್ರ ಅವನ್ನು ಸ್ಥಾಪಿಸಿದ್ದವು.

2025ರ ಡಿಸೆಂಬರಿನಲ್ಲಿ ಸಂಸತ್ತು 1962ರ ಅಣುಶಕ್ತಿ ಕಾಯದೆಯ ಜಾಗದಲ್ಲಿ ‘ಶಾಂತಿ’ ಎಂಬ ಹೊಸ ಕಾಯದೆಯನ್ನು ತಂದಿತು. ಅದು ಮಂಡಲಿಗೆ ಶಾಸನದ ಆಧಾರವನ್ನು ಕೊಟ್ಟಿದೆ. ಇದನ್ನು ಮನಸಾರೆ ಸ್ವಾಗತಿಸಬೇಕು. ಆದರೆ ಅದೇ ಕಾಯದೆ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದಿದೆ. ಕೈಗಾದಲ್ಲಂತೂ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳು 2017ರಲ್ಲಿಯೇ ಮಂಜೂರಾಗಿವೆ. ಹೊರೆ ಹೆಚ್ಚಿದಂತೆ ಕಾವಲೂ ಹೆಚ್ಚಬೇಡವೇ?

ಅಣುಶಕ್ತಿಯು ಸಂವಿಧಾನದ ಪ್ರಕಾರ ಕೇಂದ್ರದ ಪಟ್ಟಿಯಲ್ಲಿದೆ, ರಾಜ್ಯಕ್ಕೆ ಅಲ್ಲೇನು ಕೆಲಸ ಎಂದು ಕೇಳುವವರುಂಟು. ಕಾಯದೆಯ ಮಾತು ಸರಿ. ಆದರೆ ನಾಳೆ ಅನಾಹುತವಾದರೆ ಕೇಂದ್ರದ ಸುತ್ತಲಿನ 16 ಕಿಲೋಮೀಟರಿನ ಜನರನ್ನು ಕಾಯುವ ಯೋಜನೆ ಜಿಲ್ಲಾಧಿಕಾರಿಗಳ ಕೈಯಲ್ಲಿದೆ. ಪೊಲೀಸರು ರಾಜ್ಯದವರು, ಆಸ್ಪತ್ರೆಗಳು ರಾಜ್ಯದವು, ಜನರನ್ನು ಸಾಗಿಸುವ ಬಸ್ಸುಗಳೂ ರಾಜ್ಯದವೇ. ನೋಡುವಾಗ ಬೇಡವಾದ ರಾಜ್ಯ ಓಡುವಾಗ ಬೇಕಾಗುವುದು ಯಾವ ನ್ಯಾಯ?

ರಾಜ್ಯದಲ್ಲಿ ಅಷ್ಟು ತಿಳಿದವರಿಲ್ಲ ಎಂಬುದು ಎರಡನೆಯ ಆಕ್ಷೇಪ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಪ್ರಾಧ್ಯಾಪಕರಿದ್ದಾರೆ. ಅವರಿಗೆ ಕರೆ ಬಂದಿಲ್ಲ, ಅಷ್ಟೆ. ಮೂರನೆಯದು ಗುಟ್ಟಿನ ಮಾತು. ದೇಶರಕ್ಷಣೆಯ ಗುಟ್ಟು ಬೇರೆ, ಕುಡಿಯುವ ನೀರಿನ ಲೆಕ್ಕ ಬೇರೆ. ಫ್ರಾನ್ಸಿನಲ್ಲಿ 1981ರಿಂದ ಅಣುಸ್ಥಾವರಗಳ ಬಳಿ ಸ್ಥಳೀಯ ಮಾಹಿತಿ ಸಮಿತಿಗಳು ಬೆಳೆದುಬಂದಿವೆ. 2006ರ ಕಾಯದೆ ಅವಕ್ಕೆ ಶಾಸನದ ಬಲವಿತ್ತಿತು. ಚುನಾಯಿತ ಪ್ರತಿನಿಧಿಗಳು ಅಲ್ಲಿ ಕುಳಿತು ಕೇಳುತ್ತಾರೆ, ಉತ್ತರ ಪಡೆಯುತ್ತಾರೆ. ಇದರಿಂದ ಆ ದೇಶದ ದೀಪಗಳೇನೂ ಆರಿಲ್ಲ. ಜಪಾನಿನಲ್ಲಿ ಅಣುವಿದ್ಯುತ್ತನ್ನು ಬೆಳೆಸುವ ಮಂತ್ರಾಲಯದಡಿಯಲ್ಲಿಯೇ ಅದರ ತಪಾಸಣೆಯೂ ಇತ್ತು. 2011ರ ಫುಕುಷಿಮಾದ ದುರಂತವಾದ ಮೇಲೆ, 2012ರಲ್ಲಿ ಅವರು ಅವೆರಡನ್ನೂ ಬೇರ್ಪಡಿಸಿದರು. ಪೆಟ್ಟು ತಿಂದು ಕಲಿಯುವುದಕ್ಕಿಂತ ನೋಡಿ ಕಲಿಯುವುದು ಲೇಸು.

ನನ್ನ ಸೂಚನೆಗಳು ಮೂರೇ. ತಪಾಸಣೆಯ ಕಾಲಕ್ಕೆ ರಾಜ್ಯದ ಪರವಾಗಿ ಒಬ್ಬ ತಜ್ಞರು ಹಾಜರಿರಲಿ. ಆಜ್ಞೆ ಮಾಡಲು ಅಲ್ಲ, ನೋಡಲು ಮತ್ತು ಬರೆದಿಡಲು. ತಪಾಸಣೆಯ ಸಾರಾಂಶವು ವರುಷಕ್ಕೊಮ್ಮೆ ವಿಧಾನಮಂಡಲದ ಮುಂದೆ ಕನ್ನಡದಲ್ಲಿ ಬರಲಿ. ಸುತ್ತಲಿನ ಪಂಚಾಯತಿಯವರು, ವೈದ್ಯರು, ಅಧ್ಯಾಪಕರು ಕೂಡಿದ ಸಮಿತಿಯೊಂದು ಅದನ್ನು ಓದಿ ಪ್ರಶ್ನೆ ಕೇಳಲಿ. ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರಲ್ಲಿ, ಕೈಗಾವನ್ನು ವಿರೋಧಿಸಿ ಲೋಕಸಭೆಯ ಚುನಾವಣೆಗೇ ನಿಂತು ಸೋತರು. ಅವರ ನಿಲುವನ್ನು ಒಪ್ಪದವರೂ ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದದ್ದು ಧರ್ಮ.

ನಮ್ಮೂರು ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ತೊಟ್ಟಿಲನ್ನು ಮಾಡುವವನು ಕಸಬು ಬಲ್ಲವನೇ. ಆತನೇ ನೂರು ಸಲ ನೋಡಿ ಕೊಟ್ಟಿರುತ್ತಾನೆ. ಆದರೂ ಕೂಸನ್ನು ಮಲಗಿಸುವ ಮುನ್ನ ತಾಯಿಯು ಸರಪಳಿಯನ್ನೊಮ್ಮೆ ಜಗ್ಗಿ ನೋಡುತ್ತಾಳೆ. ಅದಕ್ಕೆ ಯಾವ ಕುಶಲಕರ್ಮಿಯೂ ಸಿಟ್ಟಾದದ್ದನ್ನು ನಾನು ಕಂಡಿಲ್ಲ. ಕೂಸು ಆಕೆಯದು, ಜಗ್ಗಿ ನೋಡುವ ಹಕ್ಕೂ ಆಕೆಯದೇ. ಗುರುಗಳೇ, ಗೆಳೆಯರೇ, ಕೈಗಾದ ವಿಷಯದಲ್ಲಿ ನಮ್ಮ ರಾಜ್ಯವು ಕೇಳಬೇಕಾದದ್ದು ಇದಕ್ಕಿಂತ ಹೆಚ್ಚಿನದೇನೂ ಅಲ್ಲ.